ಇಂಗ್ಲಿಷಿನ ಬಳಕೆಯ ಮಾತುಗಳೂ ಅವುಗಳ ನಾನಾರ್ಥಗಳೂ

೧

ಪರಭಾಷೆಯೊಂದನ್ನು ಅಭ್ಯಾಸಮಾಡುವವರು ಆ ಭಾಷೆಯ ಕಠಿನಶಬ್ದಗಳಿಗೆ ಅಂಜುವುದು ವಾಡಿಕೆ. ಉದ್ದವಾದ, ಅಪರೂಪವಾದ, ಶಾಸ್ತ್ರಗ್ರಂಥಗಳಲ್ಲಿ ಮಾತ್ರ ಕಾಣುವ ಪದಗಳನ್ನು ಪಟ್ಟಿಮಾಡಿ ಬಾಯಿಪಾಠಮಾಡುವುದೇ ಭಾಷಾಭ್ಯಾಸವೆಂದು ಅನೇಕರು ತಿಳಿದಿದ್ದಾರೆ. ಇಂಗ್ಲಿಷಿನ ಮಟ್ಟಿಗೆ ಈ ಅಂಜಿಕೆಗೆ ಆಧಾರ ಸಾಲದು. 'ಐಸಾಸಲೀಸ್' ಎಂಬ ಮಾತು ನೋಡುವುದಕ್ಕೆ ಭಯಂಕರವಾಗಿದೆ. ಆದರೆ ಸಮದ್ವಿಬಾಹು ಎಂಬ ಒಂದೇ ಅರ್ಥವನ್ನು ಒಂದು ಸಲ ಕಲಿತರೆ ಅದರ ಕೆಲಸ ಮುಗಿಯಿತು. ಅದು ಇನ್ನೊಂದು ಅರ್ಥವನ್ನು ತಂದು ನಮ್ಮನ್ನು ಕಾಡುವುದಿಲ್ಲ. 'ಸೆಟ್', 'ರನ್', 'ಟೇಕ್', 'ಮೀನ್', 'ಸೌಂಡ್' ಮೊದಲಾದ ಮಾತುಗಳಾದರೋ ಕೆಳಗಿನ ತರಗತಿಯ ಹುಡುಗನಿಗೂ ಗೊತ್ತು. ಆದರೆ ಇವುಗಳ ಅರ್ಥಗಳನ್ನೆಲ್ಲ ಬಲ್ಲೆನೆಂದು ಧೈರ್ಯವಾಗಿ ಹೇಳತಕ್ಕ ಪಂಡಿತನು ಇಂಗ್ಲೆಂಡಿನಲ್ಲಿಯೂ ಸಿಕ್ಕುವುದು ಕಷ್ಟ.

ಕಠಿನಶಬ್ದವು ಎದುರಾದಾಗ ನಾವು ನಿಲ್ಲುತ್ತೇವೆ, ನಿಘಂಟನ್ನು ತೆರೆಯುತ್ತೇವೆ. ಬಳಕೆಯ ಮಾತು ಎದುರಾದಾಗ ನಿಲ್ಲುವುದಿಲ್ಲ. ತಿಳಿದ ಮಾತೆಂದು ಮುಂದಕ್ಕೆ ಸಾಗುತ್ತೇವೆ. ಓದುವುದರಲ್ಲಿಯೂ ಭಾಷಾಂತರಮಾಡುವುದರಲ್ಲಿಯೂ ಪಾಠಹೇಳುವುದರಲ್ಲಿಯೂ ಕಣ್ಣಿಗೆ ಬೀಳದ ತಪ್ಪುಗಳು ಹುಟ್ಟುವುದು ಹೆಚ್ಚಾಗಿ ಇಂತಹ ಸ್ಥಳಗಳಲ್ಲಿಯೇ. ಆದಕಾರಣ ಇಂಗ್ಲಿಷಿನ ಸಾಮಾನ್ಯಶಬ್ದಗಳಿಗೆ ಇಷ್ಟೊಂದು ಅರ್ಥಗಳು ಹೇಗೆ ಬಂದುವು, ಅವುಗಳಲ್ಲಿ ಇಂತಹುದೇ ಅರ್ಥವೆಂದು ನಿಶ್ಚಯಿಸುವುದು ಹೇಗೆ, ಕನ್ನಡದ ಅಧ್ಯಾಪಕರಿಗೂ ಭಾಷಾಂತರಕಾರರಿಗೂ ಇದರಿಂದ ತಿಳಿಯಬೇಕಾದುದೇನು ಎಂಬ ಮೂರು ವಿಷಯಗಳನ್ನು ಇಲ್ಲಿ ವಿಚಾರಮಾಡಲಾಗುವುದು.

೨

ಮೊದಲು ಈ ನಾನಾರ್ಥತೆಯ ಪ್ರಮಾಣವನ್ನು ತಿಳಿಯಬೇಕು. ಸ್ಯಾಮ್ಯುಅಲ್ ಜಾನ್ಸನನು ೧೭೫೫ರಲ್ಲಿ ಪ್ರಕಟಿಸಿದ ತನ್ನ ಪ್ರಸಿದ್ಧ ನಿಘಂಟಿನಲ್ಲಿ 'ಟೇಕ್' ಎಂಬ ಕ್ರಿಯಾಪದವೊಂದಕ್ಕೇ ೧೩೪ ಅರ್ಥಗಳನ್ನು ಬೇರೆಬೇರೆಯಾಗಿ ಕೊಟ್ಟಿದ್ದಾನೆ. ಇಂತಹ ಸಣ್ಣ ಕ್ರಿಯಾಪದಗಳು ತನಗೆ ಕೊಟ್ಟ ಕಷ್ಟವನ್ನು ಪೀಠಿಕೆಯಲ್ಲಿ ಹೇಳಿಕೊಂಡೂ ಇದ್ದಾನೆ. ಲಂಡನ್ನಿನ ಭಾಷಾಶಾಸ್ತ್ರಸಂಘವು ೧೮೫೭ರಲ್ಲಿ ಆಲೋಚಿಸಿ ಆರಂಭಿಸಿದ ಕಾರ್ಯವು ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಾಗಿ ಬೆಳೆಯಿತು. ಅದರ ಮೊದಲನೆಯ ಭಾಗವು ೧೮೮೪ರಲ್ಲಿ ಹೊರಬಿದ್ದು ಗ್ರಂಥವು ೧೯೨೮ರಲ್ಲಿ ಮುಗಿಯಿತು. ಆ ನಿಘಂಟಿನ ೧೯೮೯ರ ಎರಡನೆಯ ಮುದ್ರಣದಲ್ಲಿ ಎಲ್ಲಕ್ಕಿಂತಲೂ ಉದ್ದವಾದ ಲೇಖವು 'ಸೆಟ್' ಎಂಬ ಕ್ರಿಯಾಪದದ್ದು. ಬರಿಯ ಕ್ರಿಯಾಪದಕ್ಕೇ ಸುಮಾರು ೪೩೦ ಅರ್ಥಗಳು. ನುಡಿಗಟ್ಟುಗಳನ್ನೂ ಸೇರಿಸಿದ ಲೇಖವು ಸುಮಾರು ೬೦,೦೦೦ ಮಾತುಗಳಷ್ಟು ದೀರ್ಘವಾಗಿದೆ. ಆಮೇಲೆ ನಡೆದ ಪರಿಷ್ಕರಣದಲ್ಲಿ 'ರನ್' ಎಂಬ ಕ್ರಿಯಾಪದವು ಇದನ್ನೂ ಮೀರಿತು. ೨೦೧೧ರ ಹೊತ್ತಿಗೆ ಅದಕ್ಕೆ ೬೪೫ ಅರ್ಥಗಳನ್ನು ಎಣಿಸಿದ್ದರು.

ಪದದ ಬಳಕೆಗೂ ಅದರ ಅರ್ಥಗಳ ಸಂಖ್ಯೆಗೂ ಸಂಬಂಧವುಂಟೆಂಬುದನ್ನು ಅಮೆರಿಕದ ವಿದ್ವಾಂಸನಾದ ಜಾರ್ಜ್ ಜಿಫನು ೧೯೪೫ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ ತೋರಿಸಿದನು. ಆತನ ಗಣನೆಯಂತೆ ಅರ್ಥಗಳ ಸಂಖ್ಯೆಯು ಬಳಕೆಯ ಪ್ರಮಾಣದ ವರ್ಗಮೂಲವನ್ನು ಸುಮಾರಾಗಿ ಅನುಸರಿಸುತ್ತದೆ. ಒಂದು ಮಾತು ಇನ್ನೊಂದಕ್ಕಿಂತ ಒಂಬತ್ತು ಪಾಲು ಹೆಚ್ಚಾಗಿ ಬಳಕೆಯಲ್ಲಿದ್ದರೆ ಅದರ ಅರ್ಥಗಳು ಸುಮಾರು ಮೂರು ಪಾಲು ಹೆಚ್ಚಾಗಿರುತ್ತವೆ ಎಂದು ಇದರ ತಾತ್ಪರ್ಯ. ಹೆಚ್ಚು ಓಡಾಡುವ ನಾಣ್ಯವು ಹೆಚ್ಚು ಕೈಗಳನ್ನು ಸೇರುವಂತೆ ಹೆಚ್ಚು ಆಡುವ ಮಾತು ಹೆಚ್ಚು ಪ್ರಸಂಗಗಳನ್ನು ಸೇರುತ್ತದೆ.

'ರನ್' ಎಂಬುದಕ್ಕೆ 'ಓಡು' ಎಂಬುದೊಂದೇ ಕನ್ನಡವೆಂದು ಕಲಿತವನ ಪಾಡು ಏನಾಗುವುದೆಂಬುದನ್ನು ನೋಡಬಹುದು. ಇಂಗ್ಲಿಷಿನಲ್ಲಿ ಕುದುರೆ, ನದಿ, ಮೂಗು, ರಸ್ತೆ, ಬಟ್ಟೆಯ ಬಣ್ಣ, ಯಂತ್ರ ಎಲ್ಲವೂ 'ರನ್' ಮಾಡುತ್ತವೆ. ಕನ್ನಡದಲ್ಲಿ ಕುದುರೆ ಓಡುತ್ತದೆ, ನದಿ ಹರಿಯುತ್ತದೆ, ಮೂಗು ಸುರಿಯುತ್ತದೆ, ರಸ್ತೆ ಹೋಗುತ್ತದೆ, ಬಟ್ಟೆ ಬಣ್ಣ ಬಿಡುತ್ತದೆ, ಯಂತ್ರ ನಡೆಯುತ್ತದೆ. ಶಾಲೆಯನ್ನು ಇಂಗ್ಲಿಷಿನವರು 'ರನ್' ಮಾಡುತ್ತಾರೆ, ನಾವು ನಡೆಸುತ್ತೇವೆ. ಚುನಾವಣೆಯಲ್ಲಿ ಅಮೆರಿಕದವನು 'ರನ್' ಮಾಡುತ್ತಾನೆ, ಇಂಗ್ಲೆಂಡಿನವನು 'ಸ್ಟ್ಯಾಂಡ್' ಮಾಡುತ್ತಾನೆ, ಕನ್ನಡಿಗನೂ ನಿಲ್ಲುತ್ತಾನೆ. ಒಂದೇ ಕಾರ್ಯಕ್ಕೆ ಒಬ್ಬರು ಓಟವನ್ನೂ ಇನ್ನೊಬ್ಬರು ನಿಲುವನ್ನೂ ಹೇಳುವುದರಿಂದ, ಮಾತಿಗೆ ಮಾತನ್ನು ಇಟ್ಟರೆ ಭಾಷಾಂತರವಾಗದೆಂಬುದು ಸ್ಪಷ್ಟವಾಗಿದೆ.

೩

ನಾನಾರ್ಥಶಬ್ದಗಳಲ್ಲಿ ಎರಡು ಜಾತಿಗಳುಂಟು. ಬೇರೆಬೇರೆ ಮೂಲಗಳಿಂದ ಬಂದ ಶಬ್ದಗಳು ಕಾಲಕ್ರಮದಲ್ಲಿ ಉಚ್ಚಾರಣೆಯ ಸವಕಳಿಯಿಂದ ಒಂದೇ ರೂಪವನ್ನು ಪಡೆಯುವುದು ಮೊದಲನೆಯ ಜಾತಿ. ಇವು ವಾಸ್ತವವಾಗಿ ನಾನಾರ್ಥವುಳ್ಳ ಒಂದು ಶಬ್ದವಲ್ಲ, ಸಮಾನರೂಪವುಳ್ಳ ನಾನಾಶಬ್ದಗಳು. ಒಂದೇ ಮೂಲಶಬ್ದದಿಂದ ಅರ್ಥಗಳು ಕವಲೊಡೆಯುವುದು ಎರಡನೆಯ ಜಾತಿ. ಫ್ರಾನ್ಸಿನ ಮಿಶೆಲ್ ಬ್ರೆಆಲನು ೧೮೯೭ರಲ್ಲಿ ಪ್ರಕಟಿಸಿದ ಅರ್ಥವಿಚಾರಗ್ರಂಥದಲ್ಲಿ ಈ ಎರಡನೆಯ ಜಾತಿಗೆ 'ಪಾಲಿಸೆಮಿ' ಎಂಬ ಹೆಸರನ್ನು ಬಳಕೆಗೆ ತಂದನು.

ಮೊದಲನೆಯ ಜಾತಿಗೆ 'ಸೌಂಡ್' ಒಳ್ಳೆಯ ಉದಾಹರಣೆ. ಧ್ವನಿಯೆಂಬರ್ಥದ 'ಸೌಂಡ್' ಲ್ಯಾಟಿನ್ನಿನ 'ಸೊನುಸ್' ಎಂಬುದರಿಂದ ಫ್ರೆಂಚಿನ ಮೂಲಕ ಬಂದದ್ದು. ಆರೋಗ್ಯವಾದ, ಗಟ್ಟಿಯಾದ ಎಂಬರ್ಥದ 'ಸೌಂಡ್' ಇಂಗ್ಲಿಷಿನ ದೇಶ್ಯಶಬ್ದ. ಎರಡು ನೆಲಗಳ ನಡುವಣ ಕಿರಿಗಡಲೆಂಬರ್ಥದ 'ಸೌಂಡ್' ಈಜುವಿಕೆಯೆಂಬರ್ಥದ ಹಳೆಯ ಜರ್ಮಾನಿಕ್ ಶಬ್ದಕ್ಕೆ ಸೇರಿದ್ದು. ನೀರಿನ ಆಳವನ್ನು ಅಳೆಯುವುದೆಂಬರ್ಥದ 'ಸೌಂಡ್' ಮತ್ತೊಂದು ಫ್ರೆಂಚ್ ಕ್ರಿಯಾಪದ. 'ಮೀನ್' ಎಂಬುದರಲ್ಲಿಯೂ ಹೀಗೆಯೇ ಮೂರು ಶಬ್ದಗಳು ಕೂಡಿವೆ: ಉದ್ದೇಶಿಸು ಎಂಬುದೊಂದು, ಎಲ್ಲರಿಗೂ ಸಮಾನವಾದದ್ದು ಎಂಬ ಅರ್ಥದಿಂದ ಹೊರಟು ಕೀಳು, ಜಿಪುಣ ಎಂಬಲ್ಲಿಗೆ ಇಳಿದದ್ದೊಂದು, ಲ್ಯಾಟಿನ್ನಿನಿಂದ ಫ್ರೆಂಚಿನ ಮೂಲಕ ಬಂದು ಮಧ್ಯಮವೆಂಬರ್ಥವನ್ನು ಕೊಡತಕ್ಕದ್ದೊಂದು. ಗಣಿತದ ಸರಾಸರಿಯೂ, ಉಪಾಯ ಅಥವಾ ಸಾಧನವೆಂಬರ್ಥದ 'ಮೀನ್ಸ್' ಎಂಬುದೂ ಈ ಮೂರನೆಯದರ ಸಂತಾನ.

ಕೆಲವು ವೇಳೆ ಬೇರೆಬೇರೆ ಮೂಲದ ಶಬ್ದಗಳು ಒಂದೇ ಶಬ್ದದ ಕವಲುಗಳಂತೆ ತೋರಿ ನಮ್ಮನ್ನು ಮೋಸಗೊಳಿಸುತ್ತವೆ. ಇಂಗ್ಲಿಷಿನಲ್ಲಿ ಕಿವಿಗೂ 'ಇಯರ್', ಜೋಳ ಗೋದಿಗಳ ತೆನೆಗೂ 'ಇಯರ್'. ಗಿಡದ ಪಕ್ಕಕ್ಕೆ ಚಾಚಿಕೊಂಡಿರುವ ತೆನೆಯು ಕಿವಿಯಂತೆ ಕಂಡಿತೆಂದು ಊಹಿಸುವುದು ಸುಲಭ. ಆದರೆ ಇವು ಸಂಬಂಧವಿಲ್ಲದ ಎರಡು ಶಬ್ದಗಳು. ತೆನೆಯೆಂಬರ್ಥದ್ದು ಮೊನಚು ಎಂಬ ಅರ್ಥವುಳ್ಳ ಬೇರೊಂದು ಧಾತುವಿಗೆ ಸೇರಿದೆ. ಇದಕ್ಕೆ ವಿಪರೀತವಾದದ್ದು 'ಬ್ಯಾಂಕ್'. ನದಿಯ ದಡವೆಂಬ 'ಬ್ಯಾಂಕ್' ಸ್ಕಾಂಡಿನೇವಿಯದ ನುಡಿಯಿಂದ ಬಂದದ್ದು. ಹಣದ 'ಬ್ಯಾಂಕ್' ಇಟಲಿಯ ವರ್ತಕರು ನಾಣ್ಯವಿನಿಮಯಕ್ಕಾಗಿ ಹಾಕಿಕೊಳ್ಳುತ್ತಿದ್ದ ಮಣೆಯ ಹೆಸರಿನಿಂದ ಬಂದದ್ದು. ನಿಘಂಟುಗಳಲ್ಲಿ ಇವಕ್ಕೆ ಎರಡು ಬೇರೆ ಸ್ಥಾನಗಳಿವೆ. ಆದರೂ ಹಿಂದಕ್ಕೆ ಹೋಗಿ ನೋಡಿದರೆ ಇಟಲಿಯ ಮಾತು ತಾನೂ ಜರ್ಮಾನಿಕ್ ಮೂಲದ್ದೇ ಆಗಿದ್ದು ಎರಡೂ ಒಂದೇ ಬೇರನ್ನು ಸೇರುತ್ತವೆ. ಆದುದರಿಂದ ಈ ಎರಡು ಜಾತಿಗಳ ಗಡಿಯನ್ನು ಕೇವಲ ಊಹೆಯಿಂದ ಗೊತ್ತುಮಾಡಲಾಗದು; ಪ್ರತಿಯೊಂದು ಶಬ್ದದ ಚರಿತ್ರೆಯನ್ನೂ ನೋಡಬೇಕು.

ಕನ್ನಡದ ವಿದ್ವಾಂಸರಿಗೆ ಇದು ಹೊಸ ಸಂಗತಿಯಲ್ಲ. ಹಳಗನ್ನಡದಲ್ಲಿ ಖಡ್ಗವೆಂಬರ್ಥದ 'ಬಾಳ್' ಎಂಬುದೂ ಜೀವಿಸು ಎಂಬರ್ಥದ 'ಬಾೞ್' ಎಂಬುದೂ ಬೇರೆಬೇರೆ ಅಕ್ಷರಗಳಿಂದ ಮುಗಿಯುತ್ತಿದ್ದುವು. ಕತ್ತರಿಸು ಎಂಬರ್ಥದ 'ಅರಿ' ಎಂಬುದೂ ತಿಳಿ ಎಂಬರ್ಥದ 'ಅಱಿ' ಎಂಬುದೂ ಹಾಗೆಯೇ. ಱಕಾರ ೞಕಾರಗಳು ಮರೆಯಾದ ಮೇಲೆ ಈ ಜೋಡಿಗಳು ಏಕರೂಪವಾದುವು. ಕೇಶಿರಾಜನು ೧೩ನೆಯ ಶತಮಾನದಲ್ಲಿ ೞಕಾರವುಳ್ಳ ಶಬ್ದಗಳನ್ನು ಶಬ್ದಮಣಿದರ್ಪಣದಲ್ಲಿ ಎಣಿಸಿಕೊಟ್ಟದ್ದರ ಬೆಲೆ ಇಂತಹ ಸ್ಥಳಗಳಲ್ಲಿ ನಮಗೆ ಗೊತ್ತಾಗುತ್ತದೆ.

೪

ಇನ್ನು ಒಂದೇ ಶಬ್ದದ ಅರ್ಥಗಳು ಕವಲೊಡೆಯುವ ಬಗೆಯನ್ನು ನೋಡೋಣ. ನಮ್ಮ ಆಲಂಕಾರಿಕರು ಹೇಳುವ ಲಕ್ಷಣಾವ್ಯಾಪಾರವು ಇಲ್ಲಿ ಬಹಳಮಟ್ಟಿಗೆ ಅನ್ವಯಿಸುತ್ತದೆ. ಮುಖ್ಯಾರ್ಥಕ್ಕೆ ಬಾಧೆ ಬಂದಾಗ ಅದಕ್ಕೆ ಸಂಬಂಧಪಟ್ಟ ಬೇರೊಂದರ್ಥವನ್ನು ಹಿಡಿಯುವುದು ಲಕ್ಷಣೆ. ಆ ಸಂಬಂಧವು ಸಾದೃಶ್ಯವಾದರೆ ಗೌಣಿ, ಸಾದೃಶ್ಯವಲ್ಲದ ಬೇರೆ ಸಂಬಂಧವಾದರೆ ಶುದ್ಧೆ. ಕಾವ್ಯದಲ್ಲಿ ಕವಿಯು ಒಂದು ಪ್ರಯೋಜನವನ್ನು ಉದ್ದೇಶಿಸಿ ಲಕ್ಷಣೆಯನ್ನು ಆಶ್ರಯಿಸುತ್ತಾನೆ. ಜನಬಳಕೆಯಲ್ಲಿ ಹುಟ್ಟಿದ ಲಕ್ಷಣೆಯು ಕಾಲಾಂತರದಲ್ಲಿ ರೂಢಿಯಾಗಿ, ಅದು ಲಕ್ಷಣೆಯೆಂಬ ನೆನಪೇ ಅಳಿಸಿಹೋಗಿ ನಿಘಂಟಿನಲ್ಲಿ ಮತ್ತೊಂದು ಅರ್ಥವಾಗಿ ಕುಳಿತುಕೊಳ್ಳುತ್ತದೆ.

ಸಾದೃಶ್ಯಕ್ಕೆ ಉದಾಹರಣೆಗಳು ಎಣಿಸಲಾರದಷ್ಟಿವೆ. ಉದ್ದವಾದ ಕತ್ತಿನ 'ಕ್ರೇನ್' ಎಂಬ ಹಕ್ಕಿಯ ಹೆಸರು ಭಾರವೆತ್ತುವ ಯಂತ್ರಕ್ಕೆ ಬಂತು. ಬಂದೂಕದ ಒಂದು ಭಾಗಕ್ಕೆ ಇಂಗ್ಲಿಷಿನವರು ಹುಂಜದ ಹೆಸರನ್ನಿಟ್ಟರೆ ಕನ್ನಡಿಗರು ಬಂದೂಕಕ್ಕೆ ಕುದುರೆಯನ್ನಿಟ್ಟರು. 'ಹೆಡ್' ಎಂಬುದು ಮೊಳೆಗೂ ಕೋಸಿನ ಗಡ್ಡೆಗೂ ಇಲಾಖೆಗೂ ಉಂಟು. ಕನ್ನಡದ ತಲೆಯು ಅಕ್ಷರಕ್ಕೆ ತಲೆಕಟ್ಟಾಗಿ, ಮನೆಗೆ ತಲೆಬಾಗಿಲಾಗಿ, ವಂಶಕ್ಕೆ ತಲೆಮಾರಾಗಿ ಬೇರೆಯ ದಿಕ್ಕುಗಳಲ್ಲಿ ಹಬ್ಬಿದೆ. ಎರಡು ಭಾಷೆಗಳೂ ದೇಹದ ಅವಯವಗಳಿಂದಲೇ ಹೊರಟರೂ ಅವು ತಲುಪುವ ಸ್ಥಳಗಳು ಒಂದೇ ಅಲ್ಲ.

ಸಾದೃಶ್ಯವಲ್ಲದ ಸಂಬಂಧಗಳಿಂದ ಅರ್ಥವು ಸರಪಣಿಯಂತೆ ಬೆಳೆಯುವುದಕ್ಕೆ 'ಬೋರ್ಡ್' ಎಂಬುದು ಸಾಕ್ಷಿ. ಮೊದಲು ಹಲಗೆ, ಹಲಗೆಯಿಂದಾದ ಊಟದ ಮೇಜು, ಆ ಮೇಜಿನ ಮೇಲೆ ಬಡಿಸುವ ಊಟ, ಮತ್ತೊಂದು ಕಡೆಗೆ, ಮೇಜಿನ ಸುತ್ತ ಕುಳಿತು ಆಲೋಚಿಸುವ ಸಭೆ. ಊಟವುಳ್ಳ ವಸತಿಗೂ ವಿದ್ಯಾಮಂಡಲಿಗೂ ಒಂದೇ ಹೆಸರು ಬರಲು ಕಾರಣ ಇದು. ಮಧ್ಯದ ಕೊಂಡಿಯಾದ ಮೇಜೆಂಬ ಅರ್ಥವು ಈಗ ಸವೆದುಹೋಗಿರುವುದರಿಂದ ತುದಿಗಳೆರಡೂ ಪರಸ್ಪರ ಸಂಬಂಧವಿಲ್ಲದಂತೆ ತೋರುತ್ತವೆ. ಮಣೆಯೆಂಬರ್ಥದ 'ಬೆಂಚ್' ನ್ಯಾಯಾಧೀಶರ ಸಮೂಹಕ್ಕೆ ಹೆಸರಾದದ್ದೂ ಹೀಗೆಯೇ. ನಮ್ಮ 'ನ್ಯಾಯಪೀಠ'ದಲ್ಲಿಯೂ ಆಸನದ ಹೆಸರೇ ಕುಳಿತವರಿಗೆ ನಿಂತಿದೆ. 'ಫೈನ್' ಎಂಬುದಕ್ಕೆ ಸೊಗಸಾದ, ನವುರಾದ ಎಂಬ ಅರ್ಥಗಳೂ ದಂಡವೆಂಬ ಅರ್ಥವೂ ಇವೆ. ಲ್ಯಾಟಿನ್ನಿನಲ್ಲಿ 'ಫೀನಿಸ್' ಎಂದರೆ ಕೊನೆ. ಕೊನೆಮುಟ್ಟಿಸಿದ ಕೆಲಸವು ಸೊಗಸಾದದ್ದು. ವ್ಯಾಜ್ಯವನ್ನು ಕೊನೆಗಾಣಿಸಲು ತೆತ್ತ ಹಣವು ದಂಡ.

ಅರ್ಥವು ಸಂಕುಚಿತವಾಗುವುದೂ ಉಂಟು. 'ಡಿಯರ್' ಎಂಬುದು ಹಳೆಯ ಇಂಗ್ಲಿಷಿನಲ್ಲಿ ಯಾವ ಪ್ರಾಣಿಗಾದರೂ ಸಲ್ಲುತ್ತಿದ್ದು ಆಮೇಲೆ ಜಿಂಕೆಯ ಜಾತಿಗೆ ಮಾತ್ರ ನಿಂತಿತು. ಷೇಕ್ಸ್‌ಪಿಯರನ ಲಿಯರ್ ನಾಟಕದಲ್ಲಿ ಇಲಿಗಳನ್ನೂ ಈ ಹೆಸರಿನಿಂದ ಕರೆದಿರುವುದುಂಟು. ಸಂಸ್ಕೃತದ 'ಮೃಗ'ಶಬ್ದದ ಚರಿತ್ರೆಯೂ ಇದೇ. ಕಾಡುಪ್ರಾಣಿಯೆಂಬ ವ್ಯಾಪಕಾರ್ಥವು ಮೃಗರಾಜನಲ್ಲಿ ಉಳಿದಿದೆ. ಜಿಂಕೆಯೆಂಬ ಸಂಕುಚಿತಾರ್ಥವು ಮೃಗಾಕ್ಷಿಯಲ್ಲಿದೆ. ಹೀಗೆ ಅರ್ಥಪರಿವರ್ತನೆಯ ಬಗೆಗಳು ಎಲ್ಲ ಭಾಷೆಗಳಿಗೂ ಸಾಮಾನ್ಯ. ಇದು ನಿಂತುಹೋದ ವ್ಯಾಪಾರವೂ ಅಲ್ಲ. 'ಕಂಪ್ಯೂಟರ್' ಎಂದರೆ ೧೭ನೆಯ ಶತಮಾನದಲ್ಲಿ ಲೆಕ್ಕಮಾಡುವ ಮನುಷ್ಯ, ಈಗ ಯಂತ್ರ; ಆ ಯಂತ್ರದ ಕೈಗೆ ಸಿಕ್ಕುವ ಅಂಗಕ್ಕೆ ಇಲಿಯ ಹೆಸರು ಬಂದು ಇನ್ನೂ ನೂರು ವರ್ಷಗಳಾಗಿಲ್ಲ.

೫

ಎಲ್ಲ ಭಾಷೆಗಳಿಗೂ ಸಾಮಾನ್ಯವಾದ ಈ ಗುಣವು ಇಂಗ್ಲಿಷಿನಲ್ಲಿ ಇಷ್ಟು ಅತಿಶಯವಾಗಿರುವುದಕ್ಕೆ ಆ ಭಾಷೆಗೇ ಸೇರಿದ ಕೆಲವು ಕಾರಣಗಳಿವೆ. ಅವುಗಳಲ್ಲಿ ಮುಖ್ಯವಾದದ್ದು ಪ್ರತ್ಯಯಗಳ ನಾಶ.

ಹಳೆಯ ಇಂಗ್ಲಿಷಿನಲ್ಲಿ ತಾನು ಓಡುವುದಕ್ಕೆ ಒಂದು ಕ್ರಿಯಾಪದವೂ ಇತರರನ್ನು ಓಡಿಸುವುದಕ್ಕೆ ಇನ್ನೊಂದು ಕ್ರಿಯಾಪದವೂ ಇದ್ದುವು. ಕಾಲಕ್ರಮದಲ್ಲಿ ಎರಡೂ ಸೇರಿ 'ರನ್' ಎಂಬ ಒಂದೇ ರೂಪವಾಯಿತು. ಕನ್ನಡದಲ್ಲಿ ಓಡು–ಓಡಿಸು, ನಡೆ–ನಡೆಸು ಎಂಬ ಭೇದವನ್ನು 'ಇಸು' ಪ್ರತ್ಯಯವು ಇಂದಿಗೂ ಕಾಪಾಡಿಕೊಂಡು ಬಂದಿದೆ. ಇಂಗ್ಲಿಷಿನಲ್ಲಿ ಕುದುರೆಯು ಓಡುವುದೂ 'ರನ್', ಕುದುರೆಯನ್ನು ಓಡಿಸುವುದೂ 'ರನ್'. ಕುದುರೆಯನ್ನು ಓಡಿಸುವಂತೆಯೇ ಗಿರಣಿಯನ್ನು, ಅಂಗಡಿಯನ್ನು, ಸಂಸ್ಥಾನವನ್ನು ಓಡಿಸುವ ಅರ್ಥಗಳು ಅದರಲ್ಲಿಯೇ ಸೇರಿಕೊಂಡುವು. 'ಸಿಟ್' ಮತ್ತು 'ಸೆಟ್', 'ಲೈ' ಮತ್ತು 'ಲೇ', 'ಫಾಲ್' ಮತ್ತು 'ಫೆಲ್' ಎಂಬ ಜೋಡಿಗಳು ಹಳೆಯ ಪ್ರೇರಣಾರ್ಥಕ ಪದ್ಧತಿಯ ಅವಶೇಷಗಳು. ಎಂದರೆ 'ಸೆಟ್' ಎಂಬುದರ ಮೂಲಾರ್ಥವು ಕುಳ್ಳಿರಿಸು ಎಂಬುದು. ಈ ಕೀಲಿಕೈ ಕೈಗೆ ಬಂದರೆ ನೂರಾರು ಅರ್ಥಗಳ ಬಾಗಿಲು ತೆರೆಯುತ್ತದೆ: ಉಂಗುರದಲ್ಲಿ ಹರಳನ್ನು ಕೂರಿಸುವುದು, ಮುರಿದ ಮೂಳೆಯನ್ನು ಸರಿಯಾಗಿ ಕೂರಿಸುವುದು, ಗಡಿಯಾರದ ಮುಳ್ಳನ್ನು ಇರಬೇಕಾದಲ್ಲಿ ಇರಿಸುವುದು, ದಿನವನ್ನು ಗೊತ್ತುಮಾಡುವುದು. ಪಾತ್ರೆಗಳ ಒಂದು ಜೊತೆ, ಜನರ ಒಂದು ಗುಂಪು ಎಂಬ ಅರ್ಥಗಳ 'ಸೆಟ್' ಮಾತ್ರ ಈ ಕುಟುಂಬದ್ದಲ್ಲ. ಅದು ಪಂಗಡವೆಂಬರ್ಥದ ಲ್ಯಾಟಿನ್ ಶಬ್ದದಿಂದ ಫ್ರೆಂಚಿನ ಮೂಲಕ ಬಂದು ಇದರೊಡನೆ ಬೆರೆತುಹೋಯಿತು.

ಪ್ರತ್ಯಯಗಳು ಹೋದುದರಿಂದ ನಾಮಪದವನ್ನು ಹಾಗೆಯೇ ಕ್ರಿಯಾಪದವಾಗಿ ಬಳಸುವುದೂ ಸಾಧ್ಯವಾಯಿತು. 'ಬ್ಯಾಕ್' ಎಂಬುದು ಬೆನ್ನು, ಹಿಂದಿನ, ಹಿಂದಕ್ಕೆ, ಬೆಂಬಲಿಸು ಎಂಬ ನಾಲ್ಕು ಕೆಲಸಗಳನ್ನೂ ರೂಪಭೇದವಿಲ್ಲದೆ ಮಾಡುತ್ತದೆ. ನಮ್ಮ 'ಬೆಂಬಲಿಸು' ಎಂಬುದರಲ್ಲಿಯೂ ಬೆನ್ನು ಅಡಗಿದೆ. ಆದರೆ ಸಮಾಸವೂ ಪ್ರತ್ಯಯವೂ ಸೇರಿ ಅದರ ರೂಪವನ್ನು ಬೇರೆಮಾಡಿವೆ. ೧೦೬೬ರಲ್ಲಿ ನಾರ್ಮನರು ಇಂಗ್ಲೆಂಡನ್ನು ಗೆದ್ದ ಮೇಲೆ ಫ್ರೆಂಚ್ ಶಬ್ದಗಳು ರಾಶಿರಾಶಿಯಾಗಿ ಬಂದು ದೇಶ್ಯಶಬ್ದಗಳೊಡನೆ ರೂಪಸಾಮ್ಯವನ್ನು ಪಡೆದದ್ದು ಮತ್ತೊಂದು ಕಾರಣ.

ಮೂರನೆಯದು, ಸಣ್ಣ ಕ್ರಿಯಾಪದಕ್ಕೆ 'ಇನ್', 'ಅಪ್', 'ಆಫ್' ಮೊದಲಾದ ಅವ್ಯಯಗಳನ್ನು ಸೇರಿಸಿ ಹೊಸ ಅರ್ಥಗಳನ್ನು ಪಡೆಯುವ ಪದ್ಧತಿ. 'ಟೇಕ್ ಇನ್' ಎಂಬುದಕ್ಕೆ ಆಶ್ರಯಕೊಡು, ಗ್ರಹಿಸು, ವಂಚಿಸು, ಬಟ್ಟೆಯ ಅಗಲವನ್ನು ಕಡಮೆಮಾಡು ಎಂಬ ಅರ್ಥಗಳೆಲ್ಲ ಉಂಟು. ಕೇಂಬ್ರಿಜ್ಜಿನ ಆಗ್ಡೆನನು ೧೯೩೦ರಲ್ಲಿ 'ಬೇಸಿಕ್ ಇಂಗ್ಲಿಷ್' ಎಂಬ ಹೆಸರಿನಿಂದ ೮೫೦ ಮಾತುಗಳಲ್ಲಿ ಎಲ್ಲ ವ್ಯವಹಾರವನ್ನೂ ನಡೆಸಬಹುದೆಂಬ ಯೋಜನೆಯನ್ನು ಮುಂದಿಟ್ಟನು. ಅದರಲ್ಲಿ ಕ್ರಿಯಾಪದಗಳು ಸಹಾಯಕಗಳೂ ಸೇರಿ ೧೮ ಮಾತ್ರ. ಕೇಳುವುದಕ್ಕೆ ಇದು ಬಹಳ ಸುಲಭವಾಗಿದೆ. ಆದರೆ ಬಿಟ್ಟ ಕ್ರಿಯಾಪದಗಳ ಕೆಲಸವನ್ನೆಲ್ಲ 'ಗೆಟ್', 'ಪುಟ್', 'ಟೇಕ್' ಎಂಬಿವುಗಳು ಅವ್ಯಯಗಳ ಸಹಾಯದಿಂದ ಮಾಡಬೇಕಾಗುತ್ತದೆ. ಮಾತುಗಳ ಸಂಖ್ಯೆ ಇಳಿದಷ್ಟೂ ಒಂದೊಂದು ಮಾತಿನ ಹೊರೆ ಏರುತ್ತದೆ. ಕಲಿಯುವವನು ಹೊರಬೇಕಾದ ಭಾರವು ಇದರಿಂದ ಕಡಮೆಯಾಯಿತೆನ್ನುವುದು ಕಷ್ಟ.

೬

ಇದುವರೆಗೆ ಹೇಳಿದ್ದು ವ್ಯವಹಾರದ ಭಾಷೆಗೆ ಸಂಬಂಧಪಟ್ಟದ್ದು. ಸಾಹಿತ್ಯವನ್ನು ಓದುವಾಗ ಕಾಲಭೇದವೂ ಸೇರಿಕೊಂಡು ತೊಡಕು ಇಮ್ಮಡಿಯಾಗುತ್ತದೆ. ಆಕ್ಸ್‌ಫರ್ಡಿನಲ್ಲಿಯೂ ಕೇಂಬ್ರಿಜ್ಜಿನಲ್ಲಿಯೂ ಅಧ್ಯಾಪಕನಾಗಿದ್ದ ಸಿ. ಎಸ್. ಲೂಯಿಸನು ೧೯೬೦ರಲ್ಲಿ ಪ್ರಕಟಿಸಿದ 'ಸ್ಟಡೀಸ್ ಇನ್ ವರ್ಡ್ಸ್' ಎಂಬ ಗ್ರಂಥದಲ್ಲಿ ಈ ವಿಷಯವನ್ನು ಚೆನ್ನಾಗಿ ವಿವೇಚಿಸಿದ್ದಾನೆ. ಶಬ್ದದ ಅನೇಕ ಅರ್ಥಗಳಲ್ಲಿ ಇಂದು ನಮ್ಮ ಮನಸ್ಸಿಗೆ ಮೊದಲು ಹೊಳೆಯುವ ಅರ್ಥವೇ ಹಳೆಯ ಗ್ರಂಥವನ್ನು ಓದುವಾಗ ಅಪಾಯಕರವಾದದ್ದೆಂದು ಆತನ ಅಭಿಪ್ರಾಯ. ಆ ಅರ್ಥವು ವಾಕ್ಯಕ್ಕೆ ಹೊಂದದಿದ್ದರೆ ಚಿಂತೆಯಿಲ್ಲ, ನಾವು ಎಚ್ಚರಗೊಳ್ಳುತ್ತೇವೆ. ಹೇಗೋ ಹೊಂದಿಬಿಟ್ಟರೆ ತಪ್ಪು ಶಾಶ್ವತವಾಗಿ ಉಳಿಯುತ್ತದೆ.

'ಫಾಂಡ್' ಎಂದರೆ ಈಗ ಪ್ರೀತಿಯುಳ್ಳ ಎಂದರ್ಥ. ಷೇಕ್ಸ್‌ಪಿಯರನ ಕಾಲದಲ್ಲಿ ಬುದ್ಧಿಗೆಟ್ಟ ಎಂಬ ಅರ್ಥವು ಪ್ರಬಲವಾಗಿತ್ತು. ಲಿಯರ್ ದೊರೆಯು ತನ್ನ ವಿಷಯದಲ್ಲಿ ಈ ಮಾತನ್ನು ಆಡಿಕೊಳ್ಳುವಾಗ ತನ್ನ ಮೌಢ್ಯವನ್ನು ಒಪ್ಪಿಕೊಳ್ಳುತ್ತಾನೆ. ಇಲ್ಲಿ 'ಪ್ರೀತಿಯ ಮುದುಕ'ನೆಂದು ಓದಿದರೂ ವಾಕ್ಯವು ಕೆಡುವುದಿಲ್ಲ. ಕೆಡುವುದು ನಾಟಕದ ಹೃದಯ. ಮ್ಯಾಕ್ಬೆತ್ ನಾಟಕದ ಮೂವರು ಮಾಟಗಾತಿಯರಿಗೆ ಸಲ್ಲುವ 'ವಿಯರ್ಡ್' ಎಂಬ ವಿಶೇಷಣಕ್ಕೆ ಹಳೆಯ ಅರ್ಥವು ವಿಧಿಗೆ ಸಂಬಂಧಪಟ್ಟದ್ದೆಂದು. ವಿಚಿತ್ರವಾದ ಎಂಬ ಈಗಿನ ಅರ್ಥವು ಬಹಳ ಈಚಿನದು. ಆ ಹೆಂಗಸರು ಬರಿಯ ವಿಚಿತ್ರವ್ಯಕ್ತಿಗಳೋ ವಿಧಿಯ ವಾಣಿಯೋ ಎಂಬುದರ ಮೇಲೆ ಮ್ಯಾಕ್ಬೆತನ ಪಾಪದ ಸ್ವರೂಪವೇ ನಿಂತಿದೆ. 'ನೈಸ್' ಎಂಬುದು ಅಜ್ಞನೆಂಬರ್ಥದ ಲ್ಯಾಟಿನ್ ಶಬ್ದದಿಂದ ಹುಟ್ಟಿ, ಮೂರ್ಖ, ಅತಿ ನಯದ, ಸೂಕ್ಷ್ಮವಾದ ಎಂಬ ಅರ್ಥಗಳನ್ನು ದಾಟಿಕೊಂಡು ಹಿತವಾದ ಎಂಬಲ್ಲಿಗೆ ಬಂದಿದೆ. 'ಸಿಲ್ಲಿ' ಎಂಬುದು ಇದಕ್ಕೆ ವಿರುದ್ಧವಾಗಿ ಧನ್ಯನೆಂಬ ಎತ್ತರದಿಂದ ದಡ್ಡನೆಂಬಲ್ಲಿಗೆ ಬಿದ್ದಿದೆ.

ಹ್ಯಾಮ್ಲೆಟ್ ನಾಟಕದ ಮೊದಲನೆಯ ದೃಶ್ಯದಲ್ಲಿ ಕಾವಲುಗಾರನೊಬ್ಬನು ತನ್ನ ಜೊತೆಯ ಕಾವಲಿನವರನ್ನು 'ರೈವಲ್' ಎಂಬ ಮಾತಿನಿಂದ ಸೂಚಿಸುತ್ತಾನೆ. ಅಲ್ಲಿ ಅದಕ್ಕೆ ಸಂಗಾತಿಯೆಂದರ್ಥ, ಪ್ರತಿಸ್ಪರ್ಧಿಯೆಂದಲ್ಲ. ಈ ಶಬ್ದದ ಮೂಲವು ಲ್ಯಾಟಿನ್ನಿನಲ್ಲಿ ಹೊಳೆಯೆಂಬರ್ಥದ ಪದ. ಒಂದೇ ಹೊಳೆಯ ನೀರನ್ನು ಹಂಚಿಕೊಳ್ಳುವವರು 'ರೈವಲ್'ಗಳು. ಪಾಲುಗಾರರು ಹಗೆಗಳಾಗುವುದು ಲೋಕದ ಅನುಭವ. ದಾಯಭಾಗಕ್ಕೆ ಹಕ್ಕುಳ್ಳವನೆಂಬ ಅರ್ಥದಿಂದ ಹೊರಟ ನಮ್ಮ 'ದಾಯಾದಿ'ಯು ಹಗೆತನದ ಛಾಯೆಯನ್ನು ಪಡೆದದ್ದೂ ಇದೇ ಅನುಭವದಿಂದ.

ಅದೇ ನಾಟಕದ ಪ್ರಸಿದ್ಧವಾದ ಸ್ವಗತಭಾಷಣದಲ್ಲಿ 'ಕಾನ್ಷೆನ್ಸ್' ಎಂಬ ಮಾತು ಬರುತ್ತದೆ. ಅಂತಃಸಾಕ್ಷಿಯೆಂದು ಕೆಲವರು, ಆಲೋಚನೆಯೆಂದು ಕೆಲವರು ಅದಕ್ಕೆ ಅರ್ಥಮಾಡುತ್ತಾರೆ. ಇಂಗ್ಲಿಷಿನ ಓದುಗನು ಎರಡನ್ನೂ ಮನಸ್ಸಿನಲ್ಲಿಟ್ಟುಕೊಂಡು ಮುಂದಕ್ಕೆ ಹೋಗಬಹುದು. ಕನ್ನಡದ ಭಾಷಾಂತರಕಾರನಿಗೆ ಆ ಸೌಕರ್ಯವಿಲ್ಲ. ಆತನು ಒಂದನ್ನು ಆರಿಸಲೇಬೇಕು. ಧರ್ಮಭೀತಿಯಿಂದ ಹಿಂಜರಿಯುವ ಹ್ಯಾಮ್ಲೆಟನೇ ಬೇರೆ, ಅತಿಯಾದ ಆಲೋಚನೆಯಿಂದ ಹಿಂಜರಿಯುವ ಹ್ಯಾಮ್ಲೆಟನೇ ಬೇರೆ. ಒಂದು ಸಾಮಾನ್ಯಶಬ್ದಕ್ಕೆ ಕೊಟ್ಟ ಅರ್ಥದಿಂದ ನಾಯಕನ ಪಾತ್ರವೇ ಬದಲಾಗುವುದೆಂಬುದನ್ನು ಇಲ್ಲಿ ಕಾಣಬಹುದು. ಹಳಗನ್ನಡಕಾವ್ಯಗಳಲ್ಲಿ ಮಾಂಸವೆಂಬರ್ಥದ 'ಅಡಗು' ಬಂದಾಗ ಅವಿತುಕೊಳ್ಳುವುದನ್ನು ನೆನೆಯುವ ವಿದ್ಯಾರ್ಥಿಗಳನ್ನು ಕಂಡ ಅಧ್ಯಾಪಕರಿಗೆ ಈ ತೊಡಕು ಪರಿಚಿತವಾದದ್ದೇ.

೭

ಇಷ್ಟು ಅರ್ಥಗಳಿದ್ದರೂ ಇಂಗ್ಲಿಷಿನವರು ಪರಸ್ಪರ ಮಾತನ್ನು ತಿಳಿಯುವುದು ಹೇಗೆ? ಅನೇಕಾರ್ಥಶಬ್ದಗಳಲ್ಲಿ ಅರ್ಥನಿಶ್ಚಯವು ಹೇಗಾಗುತ್ತದೆಂಬುದನ್ನು ಭರ್ತೃಹರಿಯು ವಾಕ್ಯಪದೀಯದಲ್ಲಿ ವಿಚಾರಮಾಡಿದ್ದಾನೆ. ಮಮ್ಮಟನು ಅದನ್ನು ಕಾವ್ಯಪ್ರಕಾಶದಲ್ಲಿ ಎತ್ತಿಕೊಂಡಿದ್ದಾನೆ. ಊಟಕ್ಕೆ ಕುಳಿತವನು ಸೈಂಧವವನ್ನು ತಾ ಎಂದರೆ ಉಪ್ಪನ್ನು ತರಬೇಕು, ಪ್ರಯಾಣಕ್ಕೆ ಹೊರಟವನು ಹೇಳಿದರೆ ಕುದುರೆಯನ್ನು ತರಬೇಕು ಎಂಬ ಶಾಸ್ತ್ರದ ಉದಾಹರಣೆಯು ಎಲ್ಲರಿಗೂ ಗೊತ್ತಿದೆ. ಇದು ಪ್ರಕರಣದಿಂದಾಗುವ ನಿಶ್ಚಯ. 'ಆಪರೇಷನ್' ಎಂಬುದು ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ, ಸೈನ್ಯದಲ್ಲಿ ಕಾರ್ಯಾಚರಣೆ, ಗಣಿತದಲ್ಲಿ ಪರಿಕರ್ಮ ಆಗುವುದೂ ಪ್ರಕರಣದಿಂದಲೇ.

ಭರ್ತೃಹರಿಯು ಹೇಳುವ ಇತರ ನಿಯಾಮಕಗಳೂ ಇಂಗ್ಲಿಷಿಗೆ ಆಶ್ಚರ್ಯಕರವಾಗಿ ಹೊಂದುತ್ತವೆ. ಶಬ್ದಾಂತರದ ಸನ್ನಿಧಿಯಿಂದ 'ಬ್ಯಾಂಕ್' ದಡವಾಗುತ್ತದೆ ಅಥವಾ ಹಣದ ಮನೆಯಾಗುತ್ತದೆ. ದೇಶದಿಂದ 'ಕಾರ್ನ್' ಎಂಬುದು ಇಂಗ್ಲೆಂಡಿನಲ್ಲಿ ಗೋದಿಯಾಗಿ, ಸ್ಕಾಟ್ಲೆಂಡಿನಲ್ಲಿ ಓಟ್ಸ್ ಧಾನ್ಯವಾಗಿ, ಅಮೆರಿಕದಲ್ಲಿ ಮೆಕ್ಕೆಜೋಳವಾಗಿ ನಿಲ್ಲುತ್ತದೆ. ಕಾಲದ ಪ್ರಭಾವವನ್ನು ಮೇಲೆ ಕಂಡೆವು. ಸ್ವರವು ವೇದದಲ್ಲಿ ಮಾತ್ರ ಅರ್ಥವನ್ನು ನಿಯಮಿಸುತ್ತದೆ, ಕಾವ್ಯದಲ್ಲಲ್ಲ ಎಂದು ಮಮ್ಮಟನು ಹೇಳುತ್ತಾನೆ; ಇಂಗ್ಲಿಷಿನಲ್ಲಿ ಅದು ನಿತ್ಯವ್ಯವಹಾರದಲ್ಲಿಯೂ ಕೆಲಸಮಾಡುತ್ತದೆ. 'ರೆಕಾರ್ಡ್', 'ಆಬ್ಜೆಕ್ಟ್', 'ಪ್ರೆಸೆಂಟ್' ಎಂಬ ಮಾತುಗಳಲ್ಲಿ ಊದು ಮೊದಲನೆಯ ಅಕ್ಷರಭಾಗದ ಮೇಲೆ ಬಿದ್ದರೆ ನಾಮಪದ, ಎರಡನೆಯದರ ಮೇಲೆ ಬಿದ್ದರೆ ಕ್ರಿಯಾಪದ. ಎಂದಮೇಲೆ ಶಬ್ದದ ಅರ್ಥವು ಅದರ ಒಡಲಿನಲ್ಲಿ ಮಾತ್ರ ಇಲ್ಲ. ವಾಕ್ಯದಲ್ಲಿ ಅದಕ್ಕಿರುವ ನೆರೆಹೊರೆಯಲ್ಲಿಯೂ ಇದೆ.

೮

ಇದರಿಂದ ಅಧ್ಯಾಪಕರೂ ಭಾಷಾಂತರಕಾರರೂ ಗ್ರಹಿಸಬೇಕಾದ ಸಂಗತಿಗಳು ಮೂರು. ಮೊದಲನೆಯದಾಗಿ, ಇಂಗ್ಲಿಷಿನ ಒಂದು ಬಳಕೆಯ ಮಾತಿಗೆ ಕನ್ನಡದ ಒಂದು ಮಾತನ್ನು ಜೋಡಿಸಿ ಬಾಯಿಪಾಠಮಾಡಿಸುವುದನ್ನು ಬಿಡಬೇಕು. 'ಟೇಕ್' ಎಂದರೆ 'ತೆಗೆದುಕೊಳ್ಳು' ಎಂದು ಕಲಿತುದರ ಫಲವಾಗಿ ಪರೀಕ್ಷೆಯನ್ನು ತೆಗೆದುಕೊಳ್ಳುವ, ಸ್ಥಾನವನ್ನು ತೆಗೆದುಕೊಳ್ಳುವ, ಸಮಯವನ್ನು ತೆಗೆದುಕೊಳ್ಳುವ ಕನ್ನಡವು ಬಳಕೆಗೆ ಬರುತ್ತಿದೆ. ಪರೀಕ್ಷೆಗೆ ಕೂಡುವುದು, ಆಸನದಲ್ಲಿ ಕುಳಿತುಕೊಳ್ಳುವುದು, ಕೆಲಸಕ್ಕೆ ಎರಡು ದಿನ ಹಿಡಿಯುವುದು ನಮ್ಮ ಜಾಯಮಾನ. ಕನ್ನಡದ 'ಹಿಡಿ' ಎಂಬುದೇನೂ ಬಡಶಬ್ದವಲ್ಲ: ಪಾತ್ರೆ ಎರಡು ಸೇರು ಹಿಡಿಯುತ್ತದೆ, ಕಬ್ಬಿಣ ತುಕ್ಕು ಹಿಡಿಯುತ್ತದೆ, ದಾರಿಹೋಕನು ಊರಿನ ದಾರಿ ಹಿಡಿಯುತ್ತಾನೆ, ಮಳೆ ಹಿಡಿಯುತ್ತದೆ, ಬೇಡುವವನು ಕಾಲು ಹಿಡಿಯುತ್ತಾನೆ. ಎರಡು ಭಾಷೆಗಳ ನಾನಾರ್ಥವೃಕ್ಷಗಳು ಒಂದೆರಡು ಕೊಂಬೆಗಳಲ್ಲಿ ತಾಗಿದರೂ ಉಳಿದ ಕಡೆಗಳಲ್ಲಿ ತಮ್ಮತಮ್ಮ ಆಕಾಶಕ್ಕೆ ಹಬ್ಬಿರುತ್ತವೆ.

ಎರಡನೆಯದಾಗಿ, ಇಂಗ್ಲಿಷಿನ ಏಕರೂಪವನ್ನು ಕಂಡು ಕನ್ನಡದಲ್ಲಿಯೂ ಒಂದೇ ಪಾರಿಭಾಷಿಕ ಶಬ್ದವಿರಬೇಕೆಂದು ಹಟಹಿಡಿಯಬಾರದು. 'ಪವರ್' ಎಂಬುದಕ್ಕೆ ರಾಜ್ಯಶಾಸ್ತ್ರದಲ್ಲಿ ಅಧಿಕಾರ, ಭೌತಶಾಸ್ತ್ರದಲ್ಲಿ ಸಾಮರ್ಥ್ಯ, ಗಣಿತದಲ್ಲಿ ಘಾತ ಎಂದು ನಾವು ಬೇರೆಬೇರೆ ಹೇಳುವುದು ಭಾಷೆಯ ದೋಷವಲ್ಲ, ಸೌಕರ್ಯ. 'ರೈಟ್' ಎಂಬುದು ಹಕ್ಕು, ಸರಿ, ಬಲಗಡೆ ಎಂಬ ಮೂರು ಅರ್ಥಗಳನ್ನು ಹೊತ್ತಿದೆ. ನೇರವಾದದ್ದು ಎಂಬುದು ಅದರ ಮೂಲಾರ್ಥ. ಸಂಸ್ಕೃತದ 'ಋಜು'ವು ಅದರ ಬಂಧು. ಇಂಗ್ಲಿಷಿನವನು ಈ ಮೂರನ್ನೂ ಒಂದೇ ಮಾತಿನಲ್ಲಿ ಕಟ್ಟಿಟ್ಟುಕೊಂಡು ಶ್ಲೇಷೆಯ ಸುಖವನ್ನು ಪಡೆಯುತ್ತಾನೆ. ಕನ್ನಡಿಗನು ಬಿಡಿಸಿಟ್ಟುಕೊಂಡು ಸಂದೇಹವಿಲ್ಲದ ಮಾತಿನ ಸುಖವನ್ನು ಪಡೆಯುತ್ತಾನೆ.

ಮೂರನೆಯದಾಗಿ, ದ್ವಿಭಾಷಾನಿಘಂಟುಗಳಲ್ಲಿ ಬಳಕೆಯ ಮಾತುಗಳಿಗೆ ವಿಶೇಷವಾದ ಪರಿಶ್ರಮವು ಸಲ್ಲಬೇಕು. ವಿಲಿಯಂ ರೀವನ ಇಂಗ್ಲಿಷ್–ಕರ್ಣಾಟಕ ನಿಘಂಟು ೧೮೨೪ರಲ್ಲಿ ಹೊರಬಂದಂದಿನಿಂದ, ೧೯೪೬ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ತನ್ನ ಇಂಗ್ಲಿಷ್–ಕನ್ನಡ ನಿಘಂಟನ್ನು ಪ್ರಕಟಿಸುವವರೆಗೂ ಆಮೇಲೂ ಈ ಕ್ಷೇತ್ರದಲ್ಲಿ ಬಹಳ ಕೆಲಸ ನಡೆದಿದೆ. ಇದರ ಜೊತೆಗೆ ಮೈಕೇಲ್ ವೆಸ್ಟನ ಮಾರ್ಗವನ್ನೂ ಗಮನಿಸುವುದು ಲೇಸು. ಢಾಕಾದಲ್ಲಿ ಅಧ್ಯಾಪಕರ ಶಿಕ್ಷಣಶಾಲೆಯ ಮುಖ್ಯನಾಗಿದ್ದ ಆತನು ೧೯೫೩ರಲ್ಲಿ ಸುಮಾರು ೨,೦೦೦ ಸಾಮಾನ್ಯ ಇಂಗ್ಲಿಷ್ ಶಬ್ದಗಳ ಪಟ್ಟಿಯನ್ನು ಪ್ರಕಟಿಸಿ, ಒಂದೊಂದು ಶಬ್ದದ ಯಾವ ಯಾವ ಅರ್ಥವು ನೂರಕ್ಕೆ ಎಷ್ಟರಮಟ್ಟಿಗೆ ಬಳಕೆಯಲ್ಲಿದೆಯೆಂಬುದನ್ನು ಸೂಚಿಸಿದನು. ಶಬ್ದವನ್ನಲ್ಲ, ಶಬ್ದದ ಒಂದೊಂದು ಅರ್ಥವನ್ನು ಎಣಿಸಬೇಕೆಂಬುದು ಆ ಗ್ರಂಥದಿಂದ ದೊರೆಯುವ ಪಾಠ.

ಆದಕಾರಣ ಇಂಗ್ಲಿಷಿನ ಇನ್ನೂರು ಮುಖ್ಯವಾದ ಬಳಕೆಯ ಮಾತುಗಳನ್ನು ಮಾತ್ರ ಆರಿಸಿಕೊಂಡು, ಮೂಲಾರ್ಥವನ್ನು ಮೊದಲು ಹೇಳಿ, ಕವಲುಗಳನ್ನು ಅವು ಹುಟ್ಟಿದ ಕ್ರಮದಲ್ಲಿ ತೋರಿಸಿ, ಒಂದೊಂದು ಅರ್ಥಕ್ಕೂ ಬಿಡಿಶಬ್ದವನ್ನಲ್ಲದೆ ಒಂದು ಪೂರ್ತಿ ಕನ್ನಡ ವಾಕ್ಯವನ್ನು ಕೊಟ್ಟು, ಷೇಕ್ಸ್‌ಪಿಯರನ ಕಾಲಕ್ಕೂ ಇಂದಿಗೂ ಭೇದವಿದ್ದರೆ ಅದನ್ನೂ ತಿಳಿಸುವ ಸಣ್ಣ ಪುಸ್ತಕವೊಂದನ್ನು ಸಿದ್ಧಪಡಿಸಿದರೆ ಉಪಾಧ್ಯಾಯರಿಗೂ ಭಾಷಾಂತರಕಾರರಿಗೂ ದೊಡ್ಡ ಉಪಕಾರವಾಗುವುದು. ಅಮರಸಿಂಹನು ತನ್ನ ಕೋಶದಲ್ಲಿ ನಾನಾರ್ಥಗಳಿಗೆ ಒಂದು ವರ್ಗವನ್ನೇ ಮೀಸಲಿಟ್ಟನು. ಆ ಪದ್ಧತಿಯಲ್ಲಿ ಬೆಳೆದ ನಮ್ಮ ವಿದ್ವಾಂಸರಿಗೆ ಈ ಕಾರ್ಯವು ಅಸಾಧ್ಯವಾದದ್ದಲ್ಲ. ಇಲ್ಲಿ ಕೊಟ್ಟಿರುವ ಉದಾಹರಣೆಗಳು ದಿಕ್ಸೂಚನೆಗೆ ಮಾತ್ರ. ವಾಚಕರು ತಮ್ಮ ಪಾಠಪ್ರವಚನಗಳಲ್ಲಿ ಕಂಡ ಇಂತಹ ಶಬ್ದಗಳನ್ನು ಸಂಗ್ರಹಿಸಿಡುತ್ತ ಬಂದರೆ ಆ ಪುಸ್ತಕದ ಅರ್ಧಭಾಗವು ತಾನಾಗಿಯೇ ಸಿದ್ಧವಾಗುವುದು.